ಹಾಡಿದವರು ಯಾರು

ಹಳೆಯ ಸಿನಿಮಾ ಹಾಡು ಕೇಳಿಸಿತೆಂದರೆ ನನ್ನ ಗಂಡನ ಬಲಗೈ ತಾನಾಗಿ ಮೇಲೇಳುತ್ತದೆ. ಎಲ್ಲರೂ ಸುಮ್ಮನಿರಬೇಕು ಎಂದು ಅದರ ಅರ್ಥ. ಪಲ್ಲವಿಯ ಮೊದಲ ಸಾಲು ಮುಗಿಯುವುದರೊಳಗೆ ಹಾಡಿದವರು ಯಾರು, ಸಂಗೀತ ಯಾರದು, ತೆರೆಯ ಮೇಲೆ ತುಟಿ ಅಲ್ಲಾಡಿಸಿದವರು ಯಾರು ಎಂದು ಒಪ್ಪಿಸಿ, ಬಹುಮಾನ ಬಂದವನ ಹಾಗೆ ಸುತ್ತ ನೋಡುತ್ತಾನೆ. ಮದುವೆಯಾದ ಹೊಸದರಲ್ಲಿ ನಾನು ಬೆರಗಾಗುತ್ತಿದ್ದೆ. ಈಗ ಅವನು ಕೈ ಎತ್ತಿದ ಕೂಡಲೇ ಕುಕ್ಕರ್ ಕೂಗಲಿ ಎಂದು ಹಾರೈಸುತ್ತೇನೆ.

ಇದು ಅವನೊಬ್ಬನ ಚಾಳಿಯೇನೂ ಅಲ್ಲ. ನಟಿ ಬಾಯಿ ತೆರೆದು ಹಾಡಿದರೆ ದನಿ ಬೇರೆಯವರದು ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅದರಲ್ಲಿ ಮೋಸ ಇಲ್ಲ, ಅವಮಾನವೂ ಇಲ್ಲ. ಮುಖ ಒಬ್ಬರದು, ಕಂಠ ಇನ್ನೊಬ್ಬರದು, ಇಬ್ಬರಿಗೂ ಬೇರೆ ಬೇರೆ ಪ್ರಶಸ್ತಿ. ಈ ತಿಳಿವಳಿಕೆಯನ್ನು ನಾವು ಉಪ್ಪಿನಕಾಯಿಯ ಜೊತೆಗೇ ಸೂಟ್‌ಕೇಸಿಗೆ ತುಂಬಿಕೊಂಡು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ತಂದಿದ್ದೆವು. ಇದರಿಂದ ಇಲ್ಲಿ ಯಾರಿಗಾದರೂ ನೋವಾಗಬಹುದೆಂದು ನಮಗೆ ಹೊಳೆದಿರಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಗೆ ಇಟಲಿಯ ಒಬ್ಬ ವೃದ್ಧೆ ಬಂದರು. ಮಗ ಹತ್ತಿರದಲ್ಲೇ ಕೆಲಸದಲ್ಲಿದ್ದನಂತೆ. ಅಂಚೆ ಡಬ್ಬಿಯ ತನಕ ಹೋಗುವುದಕ್ಕೂ ಆಕೆಗೆ ತುಟಿಗೆ ಕೆಂಪು ಬಣ್ಣ ಬೇಕು, ತಲೆಗೆ ರೇಷ್ಮೆ ವಸ್ತ್ರ ಬೇಕು, ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ ಬೇಕು. ಆಗ ನನ್ನ ಅತ್ತೆ ಹುಬ್ಬಳ್ಳಿಯಿಂದ ಬಂದು ನಮ್ಮ ಜೊತೆ ಇದ್ದರು. ಬಾಲ್ಕನಿಯಲ್ಲಿ ಕೂತು ಆಕೆ ಹೋಗುವುದನ್ನೂ ಬರುವುದನ್ನೂ ನೋಡುವುದು ಅವರ ದಿನಚರಿಯಾಯಿತು. ಯಾವುದೋ ದೊಡ್ಡವರ ಮದುವೆಗೆ ಹೊರಟಿದ್ದಾಳೆ ಎಂದುಕೊಂಡರೆ, ಗ್ರೋಸರಿ ಅಂಗಡಿಯ ಜಾಹೀರಾತಿನ ಕಾಗದ ಹಿಡಿದು ವಾಪಸು ಬರುತ್ತಾಳಲ್ಲ ಎಂದು ಅತ್ತೆಗೆ ನಿರಾಸೆ.

ತಾನು ಸಿನಿಮಾದಲ್ಲಿದ್ದೆ ಎಂಬುದನ್ನು ಆಕೆ ಮುಚ್ಚಿಟ್ಟಿರಲಿಲ್ಲ. ನಮಸ್ಕಾರ ಎಂದ ಮೇಲೆ ಎರಡನೆಯ ಮಾತೇ ಅದು. ಆದರೆ ನಮ್ಮ ಕಾಂಪ್ಲೆಕ್ಸಿನಲ್ಲಿ ಯಾರು ಏನು ಮಾಡುತ್ತಿದ್ದೆ ಎಂದರೂ ಮರುಪ್ರಶ್ನೆ ಯಾವ ಕಂಪನಿ ಎಂದು. ಎದುರು ಬ್ಲಾಕಿನ ಹುಡುಗನೊಬ್ಬ ಆಕೆಯನ್ನು ವಿಡಿಯೋ ಸ್ಟ್ರೀಮಿಂಗ್ ಟೀಮಿನಲ್ಲಿ ಇದ್ದಿರಾ ಎಂದು ಕೇಳಿದನಂತೆ. ಕತೆ ಹೇಳಿ ಆಕೆ ನಕ್ಕರು. ನನಗೆ ಅಲ್ಲಿಯೇ ಇಷ್ಟವಾದರು. ಶನಿವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ ಎಂದೆ.

ಶನಿವಾರದ ಹೊತ್ತಿಗೆ ನನ್ನ ಗಂಡ ಇಂಟರ್ನೆಟ್ಟನ್ನು ಜಾಲಾಡಿ ಆಕೆಯ ಒಂದು ಸಿನಿಮಾದ ಹಾಡಿನ ತುಣುಕನ್ನು ಹುಡುಕಿ ಇಟ್ಟಿದ್ದ. ಊಟದ ನಡುವೆ ಟಿವಿಯಲ್ಲಿ ಹಾಕಿದ. ಕಪ್ಪು ಬಿಳುಪು. ಸಮುದ್ರಕ್ಕೆ ಮುಖ ಮಾಡಿದ ಹೋಟೆಲಿನ ಮೊಗಸಾಲೆ. ಉದ್ದನೆಯ ಕೈಗವಸು ಹಾಕಿದ ಹುಡುಗಿಯೊಬ್ಬಳು ಕಂಬಿ ಹಿಡಿದು ನಿಂತು ಹಾಡುತ್ತಾಳೆ. ಎಂಥ ಚೆಲುವು ಎಂದರೆ ನಾನು ಬಡಿಸುವುದನ್ನು ಮರೆತೆ. ಅತ್ತೆ ಒಮ್ಮೆ ಟಿವಿ ನೋಡುತ್ತಾರೆ, ಒಮ್ಮೆ ಪಕ್ಕದಲ್ಲಿ ಕೂತು ಚಪಾತಿ ಮುರಿಯುತ್ತಿದ್ದ ಮುದುಕಿಯನ್ನು ನೋಡುತ್ತಾರೆ.

ನನ್ನ ಗಂಡನ ಕೈ ಮೇಲೆದ್ದಿತು. ಹಾಡು ಮುಗಿಯುವ ತನಕ ಹಾಗೇ ಇತ್ತು. ಆಮೇಲೆ ಬಹಳ ಗೌರವದಿಂದ, ನಿಮಗೆ ಹಾಡಿದವರು ಯಾರು ಮೇಡಂ ಎಂದು ಕೇಳಿದ. ನಾನೇ ಎಂದರು ಆಕೆ. ಅವನು ನಕ್ಕ. ತೆರೆಯ ಮೇಲೆ ನೀವೇ ಎಂದು ಗೊತ್ತು ಮೇಡಂ, ನಾನು ಕೇಳಿದ್ದು ಪ್ಲೇಬ್ಯಾಕ್ ಯಾರದೆಂದು ಎಂದು ಇನ್ನೂ ಬಿಡಿಸಿ ಹೇಳಿದ. ಆಕೆ ಚಮಚ ಕೆಳಗಿಟ್ಟರು. ಊಟಕ್ಕೆ ಥ್ಯಾಂಕ್ಸ್ ಹೇಳಿದರು, ತಲೆವಸ್ತ್ರ ಕಟ್ಟಿಕೊಂಡರು, ಮೆಟ್ಟಿಲಿಳಿದು ಹೋದರು. ಗಸಗಸೆ ಪಾಯಸ ಬಟ್ಟಲಲ್ಲಿ ಹಾಗೇ ಉಳಿಯಿತು. ಅತ್ತೆಗೆ ಇಂಗ್ಲಿಷ್ ಬಾರದಿದ್ದರೂ ಮಗ ಏನೋ ಎಡವಟ್ಟು ಮಾಡಿದ್ದಾನೆ ಎಂಬುದು ಮಾತ್ರ ಸ್ಪಷ್ಟವಾಗಿ ಅರ್ಥವಾಯಿತು.

ಮರುದಿನ ಪಾಯಸವನ್ನು ಡಬ್ಬಿಗೆ ಹಾಕಿಕೊಂಡು ನಾನು ಕೆಳಗಿಳಿದೆ. ಆಕೆ ಬಾಗಿಲು ತೆಗೆದರು, ಡಬ್ಬಿ ತೆಗೆದುಕೊಂಡರು, ನಿಂತುಕೊಂಡೇ ತಿಂದರು. ಕೋಪದಲ್ಲೂ ಪಾಯಸ ಚೆನ್ನಾಗಿದೆ ಎಂದರು. ಆಮೇಲೆ ಕೂತು ಕತೆ ಹೇಳಿದರು.

ದಕ್ಷಿಣದ ಒಂದು ಬಂದರು ಊರಿನವರು. ಮುಖ ನೋಡಿ ರೋಮಿನ ಸಿನಿಮಾದವರು ಕರೆಸಿಕೊಂಡರು; ಬಾಯಿ ತೆರೆದಾಗ ನಕ್ಕರು. ಆಕೆಯ ಮಾತಿನಲ್ಲಿ ಬಂದರಿನ ದಪ್ಪ ಉಚ್ಚಾರ. ಅಲ್ಲಿ ಆ ಕಾಲದಲ್ಲಿ ಸಿನಿಮಾದ ಮಾತುಗಳನ್ನು ಶೂಟಿಂಗಿನ ಜಾಗದಲ್ಲಿ ಹಿಡಿಯುತ್ತಿರಲಿಲ್ಲವಂತೆ, ಆಮೇಲೆ ಸ್ಟುಡಿಯೋದಲ್ಲಿ ಸೇರಿಸುತ್ತಿದ್ದರಂತೆ. ಹೀಗಾಗಿ ಉತ್ತರದ ಒಬ್ಬ ನಾಟಕದ ನಟಿ ಈಕೆಗೆ ದನಿ ಕೊಟ್ಟಳು. ಈಕೆ ಜಮೀನ್ದಾರಿಣಿಯಾದಾಗಲೂ ಅದೇ ದನಿ, ಡಾಕ್ಟರ ಹೆಂಡತಿಯಾದಾಗಲೂ ಅದೇ, ಒಮ್ಮೆ ಕ್ರೈಸ್ತ ಸನ್ಯಾಸಿನಿಯಾದಾಗಲೂ ಅದೇ. ಹಾಡುಗಳನ್ನು ಮಾತ್ರ ಈಕೆಯೇ ಹಾಡಿದರು. ಹಾಡುವಾಗ ಉಚ್ಚಾರದ ಬಗ್ಗೆ ಯಾರೂ ತಕರಾರು ಮಾಡಲಿಲ್ಲ.

ಸಿನಿಮಾಗಳು ಓಡಿದವು, ಹಾಡುಗಳು ಇನ್ನೂ ಚೆನ್ನಾಗಿ ಓಡಿದವು. ಅಷ್ಟರಲ್ಲಿ ಒಂದು ಪತ್ರಿಕೆ, ಮಾತೇ ಎರವಲಾದ ಮೇಲೆ ಹಾಡು ಸ್ವಂತದ್ದಿರಲು ಹೇಗೆ ಸಾಧ್ಯ ಎಂದು ಬರೆಯಿತು. ನಿರ್ಮಾಪಕರು ಸುಮ್ಮನಿದ್ದರು, ಜನ ಮಾತಾಡಿದಷ್ಟೂ ಅವರಿಗೆ ಒಳ್ಳೆಯದೇ. ಮಾತಿಗೆ ದನಿ ಕೊಟ್ಟ ಆ ನಟಿಯನ್ನು ಕೇಳಿದರೆ ಅವಳು ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ, ಚೆನ್ನಾಗಿ ನಕ್ಕಳು. ಆ ನಗು ಇವತ್ತಿಗೂ ಕಣ್ಣ ಮುಂದಿದೆ ಎಂದು ಈಕೆ ಹೇಳಿದರು. ಕೊನೆಗೆ ಕಡಲ ತೀರದ ಒಂದು ಸಂಗೀತ ಸ್ಪರ್ಧೆಯಲ್ಲಿ ತುಂಬಿದ ಸಭೆಯ ಮುಂದೆ ಹಾಡಿ ತೋರಿಸುತ್ತೇನೆಂದು ಹಠ ಹಿಡಿದು ಹೋದರು. ಇಡೀ ಸಭೆ ತಪ್ಪು ಹಿಡಿಯಲು ಕೂತಿದೆ ಎಂದು ಹಾಡುತ್ತಿದ್ದಾಗಲೇ ಗೊತ್ತಾಯಿತು. ಎರಡನೆಯ ಸಾಲಿಗೆ ದನಿ ಒಡೆಯಿತು. ಪತ್ರಿಕೆಗಳಿಗೆ ಇನ್ನೇನು ಬೇಕು? ಸತ್ಯ ಬಯಲಾಯಿತು ಎಂದು ಬರೆದವು.

ಆಮೇಲೆ ಅಮೆರಿಕದ ಒಬ್ಬ ಎಂಜಿನಿಯರನ್ನು ಮದುವೆಯಾಗಿ ಇಲ್ಲೇ ಹತ್ತಿರದ ಸ್ಯಾನ್ ಮಟಿಯೋಗೆ ಬಂದುಬಿಟ್ಟರು. ಮಗ ಇಲ್ಲೇ ಹುಟ್ಟಿದವನು. ಅಮ್ಮನ ಸಿನಿಮಾದಲ್ಲಿ ಅಮ್ಮನದು ಮುಖ ಮಾತ್ರ ಎಂದು ಸ್ನೇಹಿತರಿಗೆ ತಮಾಷೆಯಾಗಿ ಹೇಳುತ್ತಾನಂತೆ. ಗಂಡ ಒಳ್ಳೆಯವನು, ನಾನು ನಿನ್ನನ್ನು ನಂಬುತ್ತೇನೆ ಎಂದು ಸಾಯುವ ತನಕ ಹೇಳುತ್ತಿದ್ದನಂತೆ.

"ನಂಬಿದವರು ಅದನ್ನು ಅಷ್ಟು ಸಲ ಹೇಳುವುದಿಲ್ಲ" ಎಂದರು ಆಕೆ. "ನನ್ನನ್ನು ಸಮಾಧಾನ ಮಾಡುವುದಕ್ಕಲ್ಲದೆ, ಸುಮ್ಮನೆ, ಅದು ನನ್ನ ದನಿ ಎಂದು ಒಬ್ಬರಿಗಾದರೂ ಗೊತ್ತಿರಬೇಕು. ಅಷ್ಟು ಸಾಕು."

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನ ಗಂಡ ನಿಜಕ್ಕೂ ನೊಂದುಕೊಂಡ. ಕ್ಷಮೆ ಕೇಳಿ ಬರುತ್ತೇನೆ ಎಂದ. ಹೋಗಿ ಕೇಳಿಯೂ ಬಂದ. ಮೆಟ್ಟಿಲು ಹತ್ತಿ ಬಂದವನು ಚಪ್ಪಲಿ ಬಿಡುತ್ತಾ, ಆದರೂ ಟಿವಿಯಲ್ಲಿ ಕೇಳಿದ್ದು ತುಂಬ ಪಳಗಿದ ದನಿ ಕಣೇ ಎಂದ. ಅವನಿಗೆ ಅಂದು ಬೆಳಗಿನ ಮಿಕ್ಕ ಉಪ್ಪಿಟ್ಟನ್ನೇ ಬಡಿಸಿದೆ.

ಅತ್ತೆಗೂ ಹೇಳಿದೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಇಲ್ಲಿಯ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ತಲೆ ಎತ್ತದೆಯೇ, "ಅದ್ರಾಗ ನಂಬೂದೇನೈತಿ? ದಿನಾ ಕೇಳ್ತೀನಲ್ಲ ನಾನು" ಎಂದರು.

ಆಗ ಗೊತ್ತಾಯಿತು, ನಾವು ಆಫೀಸಿಗೆ ಹೋದ ಮೇಲೆ ನಡೆಯುತ್ತಿದ್ದ ವ್ಯವಹಾರ. ನಮ್ಮ ಕಾಂಪ್ಲೆಕ್ಸಿನಲ್ಲಿ ಬಟ್ಟೆ ಒಗೆಯುವ ಮೆಷೀನುಗಳೆಲ್ಲ ಒಂದೇ ಕೋಣೆಯಲ್ಲಿವೆ. ಮಧ್ಯಾಹ್ನ ಅಲ್ಲಿ ಯಾರೂ ಇರುವುದಿಲ್ಲ. ಬೆಚ್ಚಗಿರುತ್ತದೆ ಎಂದು ಅತ್ತೆ ಮಂಡಿನೋವಿಗೆ ಅಲ್ಲಿ ಹೋಗಿ ಕೂರುತ್ತಿದ್ದರು. ಗೋಡೆಗೆ ಟೈಲ್ಸ್ ಹಾಕಿರುವುದರಿಂದ ದನಿ ತುಂಬಿ ಕೇಳುತ್ತದೆ ಎಂದು ಕೆಳಗಿನ ಮನೆಯಾಕೆ ಅಲ್ಲಿಗೆ ಹೋಗಿ ಹಾಡುತ್ತಿದ್ದರು. ಮೊದಲ ದಿನ ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಬಟ್ಟೆ ಒಗೆಯಲು ಬಂದವರಂತೆ ನಟಿಸಿದರಂತೆ, ಇಬ್ಬರ ಕೈಯಲ್ಲೂ ಬಟ್ಟೆಯಿರಲಿಲ್ಲ. ಆಮೇಲೆ ಅತ್ತೆ ಒಂದು ಸೋಬಾನೆ ಪದ ಹೇಳಿದರು, ಆಕೆ ಒಂದು ಹಾಡು ಹಾಡಿದರು. ನಾವು ಊಟಕ್ಕೆ ಕರೆಯುವ ಎಷ್ಟೋ ಮೊದಲೇ ಇವರಿಬ್ಬರ ಕಚೇರಿ ಶುರುವಾಗಿತ್ತು. ಸಿನಿಮಾದ ಹಾಡನ್ನು ಅತ್ತೆ ಟಿವಿಯಲ್ಲಿ ನೋಡುವುದಕ್ಕೆ ಮುಂಚೆಯೇ ಪೂರ್ತಿ ಕಲಿತಿದ್ದರು.

ಇಟಾಲಿಯನ್ನಿನ ಒಂದು ಪದವೂ ಅವರಿಗೆ ಗೊತ್ತಿಲ್ಲ. ಕಿವಿಗೆ ಬಿದ್ದ ಸದ್ದನ್ನೇ ಹುಬ್ಬಳ್ಳಿಯ ನಾಲಿಗೆಗೆ ಒಗ್ಗಿಸಿಕೊಂಡಿದ್ದರು. ಜೋಳದ ರೊಟ್ಟಿ ಬಡಿಯುತ್ತಾ ಅದನ್ನು ಗುನುಗುತ್ತಿದ್ದಾಗ ನಾನು ಯಾವುದೋ ವಚನ ಎಂದುಕೊಂಡಿದ್ದೆ. ರೊಟ್ಟಿಯ ತಾಳಕ್ಕೆ ಅದು ಹೇಗೆ ಕೂಡುತ್ತಿತ್ತೋ ಬಸವಣ್ಣನಿಗೇ ಗೊತ್ತು.

ಇಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಆ ವರ್ಷ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಬರಬೇಕಿದ್ದ ಹಿರಿಯ ನಟಿಗೆ ವೀಸಾ ಸಿಗಲಿಲ್ಲ. ಪಕ್ಕದ ಊರು ಮಿಲ್ಪಿಟಾಸ್‌ನ ಶಾಲೆಯೊಂದರ ಸಭಾಂಗಣ ಗೊತ್ತುಮಾಡಿಯಾಗಿತ್ತು, ಮುಖ್ಯ ಅತಿಥಿ ಚಿತ್ರರಂಗದ ಹಿರಿಯ ಕಲಾವಿದೆ ಎಂದು ಬ್ಯಾನರು ಅಚ್ಚಾಗಿ ಬಂದಿತ್ತು, ಪುಣ್ಯಕ್ಕೆ ಹೆಸರು ಹಾಕಿರಲಿಲ್ಲ. ಅಧ್ಯಕ್ಷರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನನ್ನ ಗಂಡ ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರಿದ್ದಾರೆ ಎಂದ. ಚಿತ್ರರಂಗ ಯಾವ ದೇಶದ್ದು ಎಂದು ಬ್ಯಾನರಿನಲ್ಲಿ ಬರೆದಿರಲಿಲ್ಲವಲ್ಲ. ಅಧ್ಯಕ್ಷರು ಎದ್ದು ಅವನನ್ನು ತಬ್ಬಿಕೊಂಡರಂತೆ.

ಅಧ್ಯಕ್ಷರು ಒಳ್ಳೆಯ ಮನುಷ್ಯ. ಸಂಘದ ಕುರ್ಚಿಗಳನ್ನು ಖುದ್ದಾಗಿ ಹೊರುವವರು. ಅವರ ಒಂದೇ ದೋಷವೆಂದರೆ ಮೈಕು. ಆ ದಿನ ಅವರು ಆಕೆಗೆ ಸನ್ಮಾನದ ಸಕಲ ಉಪಚಾರಗಳನ್ನೂ ಮಾಡಿದರು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟರು. ಮೈಸೂರು ಪೇಟ ಮಾತ್ರ ಆಕೆಯ ಕೇಶಾಲಂಕಾರದ ಮೇಲೆ ಕೂರಲು ಒಪ್ಪದೆ ಎರಡು ಸಲ ಜಾರಿತು. ಆಕೆ ಅದನ್ನು ತೆಗೆದು ಹಣ್ಣಿನ ಬುಟ್ಟಿಗೆ ತೊಡಿಸಿದಾಗ ಸಭೆ ಆಕೆಗೆ ಅಲ್ಲೇ ಮರುಳಾಯಿತು. ಅನುವಾದಕ್ಕೆಂದು ನಾನು ವೇದಿಕೆಯ ಮೇಲೆ ಆಕೆಯ ಪಕ್ಕದಲ್ಲಿ ಕೂತಿದ್ದೆ. ಅತ್ತೆ ಮುಂದಿನ ಸಾಲಿನಲ್ಲಿ, ಇಳಕಲ್ ಸೀರೆಯುಟ್ಟು, ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ದೊಡ್ಡ ತೆರೆಯ ಮೇಲೆ ಆ ಹಾಡನ್ನು ತೋರಿಸಿದರು. ಸಭೆ ಉಸಿರು ಬಿಗಿಹಿಡಿದು ನೋಡಿತು. ಮುಗಿದ ಮೇಲೆ ಅಧ್ಯಕ್ಷರು ಮೈಕಿಗೆ ಬಂದರು. ಪಾಪ, ಅವರು ಓದಿಕೊಂಡೇ ಬಂದಿದ್ದರು. ಇಟಲಿಯಲ್ಲಿ ದನಿ ಬೇರೆಯವರು ಕೊಡುತ್ತಿದ್ದರು ಎಂಬುದೂ ಅವರಿಗೆ ಸಿಕ್ಕಿತ್ತು. ನಮ್ಮ ನಾಡಿನಲ್ಲೂ ಹಾಗೆಯೇ ಅಲ್ಲವೇ, ತೆರೆಯ ಹಿಂದಿನ ಕಲಾವಿದರನ್ನು ನಾವು ಎಂದೂ ಮರೆತವರಲ್ಲ ಎಂದು ಶುರು ಮಾಡಿ, ಮೇಡಂ ಅವರಿಗೆ ಇಷ್ಟು ಮಧುರವಾಗಿ ಹಾಡಿದ ಆ ಅಜ್ಞಾತ ಸೋದರಿ ಎಲ್ಲೇ ಇರಲಿ, ಅವರಿಗೂ ಒಂದು ಜೋರಾದ ಚಪ್ಪಾಳೆ ಬರಲಿ ಎಂದರು.

ಬಂತು. ಹೃದಯ ತುಂಬಿದ ಚಪ್ಪಾಳೆ. ಕನ್ನಡ ಅರ್ಥವಾಗದ ಆಕೆಯೂ ಎಲ್ಲರ ಕಡೆ ನೋಡಿ ನಗುತ್ತಾ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಕಡೆ ಬಾಗಿ, ಇದು ಯಾತಕ್ಕೆ ಎಂದು ಕೇಳಿದರು.

ನನಗೆ ಅಳು ಬಂತು. ಏನೋ ಒಂದು ಸುಳ್ಳು ಹೇಳಿಬಿಡೋಣ ಎನ್ನಿಸಿತು. ಆದರೆ ಆಕೆ ನನ್ನ ಮುಖ ನೋಡಿಯೇ ಅರ್ಧ ತಿಳಿದುಕೊಂಡಿದ್ದರು. ಹೇಳಿದೆ. ಆಕೆ ತಟ್ಟುತ್ತಿದ್ದ ಕೈಗಳನ್ನು ಬುಟ್ಟಿಯ ಮೇಲೆ ಇಳಿಸಿದರು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅತ್ತೆ ಎದ್ದು ನಿಂತಿದ್ದರು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಅಭ್ಯಾಸವಿರುವವರಿಗೆ ಮೈಕು ಏಕೆ ಬೇಕು?

"ಏನ್ರೀ ಸಾಹೇಬ್ರ, ಬ್ಯಾರೆ ಯಾವಾಕೀನೂ ಇಲ್ಲ. ಹಾಡಿದಾಕೀನೂ ಇಕೀನ. ನಾ ಕೇಳೀನಿ."

ಸಭೆಯಲ್ಲಿ ಗುಸುಗುಸು. ಧ್ವನಿವರ್ಧಕದ ಉಸ್ತುವಾರಿಯಲ್ಲಿದ್ದ ನನ್ನ ಗಂಡ ವೈರುಗಳ ನಡುವೆ ತಲೆ ತಗ್ಗಿಸಿ ನಿಂತ. ಅಧ್ಯಕ್ಷರು ಕೈಮುಗಿದರು. ಹಾಗಾದರೆ ಎರಡು ಲೈನು ಹಾಡಲಿ ಅಮ್ಮಾ, ನಾವೂ ಕೇಳಿ ಧನ್ಯರಾಗುತ್ತೇವೆ ಎಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ಇದನ್ನು ಆಕೆಗೆ ಅನುವಾದಿಸುವಾಗ, ಆ ಕಡಲ ತೀರದ ಸಭೆ ಮಿಲ್ಪಿಟಾಸ್‌ಗೆ ಬಂದು ಕೂತ ಹಾಗಾಯಿತು.

ಆಕೆ ಮೈಕು ತೆಗೆದುಕೊಂಡು ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದರು. ನನಗೀಗ ಎಂಬತ್ತು ದಾಟಿದೆ, ಈಗ ನಾನು ಹಾಡಿದರೆ ನೀವೆಲ್ಲ ಅಧ್ಯಕ್ಷರು ಹೇಳಿದ್ದೇ ಸರಿ ಎಂದುಕೊಂಡು ಮನೆಗೆ ಹೋಗುತ್ತೀರಿ ಎಂದರು. ಜನ ನಕ್ಕರು. ನಿಮ್ಮಲ್ಲಿ ಮುಖ ಒಬ್ಬರದು, ಕಂಠ ಒಬ್ಬರದು ತಾನೇ, ಹಾಗೆಯೇ ಮಾಡೋಣ ಎಂದು ಅತ್ತೆಯನ್ನು ಕೈಬೀಸಿ ಮೇಲೆ ಕರೆದರು.

ಅತ್ತೆ ಒಲ್ಲೆ ಎನ್ನುತ್ತಾರೆಂದುಕೊಂಡೆ. ಅವರು ಸೆರಗು ಸರಿಮಾಡಿಕೊಂಡು ಮಂಡಿ ಹಿಡಿದು ಮೆಟ್ಟಿಲು ಹತ್ತಿಯೇಬಿಟ್ಟರು. ಹಾಡಲು ಕರೆದರೆ ಬಿಂಕ ಮಾಡಬಾರದು ಎಂಬುದು ಅವರ ಮದುವೆಮನೆಗಳ ಶಿಸ್ತು. ಮೈಕಿನ ಮುಂದೆ ನಿಂತು, ಕಣ್ಣು ಮುಚ್ಚಿ, ಶುರು ಮಾಡಿದರು. ಇಟಲಿಯ ಹಾಡು, ಸೋಬಾನೆಯ ಎಳೆತ. ಪಕ್ಕದಲ್ಲಿ ಆಕೆ ಎದ್ದು ನಿಂತರು. ಇಲ್ಲದ ಕಂಬಿಯ ಮೇಲೆ ಕೈಯಿಟ್ಟರು, ಇಲ್ಲದ ಸಮುದ್ರದ ಕಡೆ ಮುಖ ಮಾಡಿದರು, ತುಟಿ ಅಲ್ಲಾಡಿಸಿದರು. ಒಂದು ಪದವೂ ಹಿಂದು ಮುಂದಾಗಲಿಲ್ಲ. ಹುಬ್ಬಳ್ಳಿಯ ಕಂಠ ಆ ಮುಖದಿಂದಲೇ ಬರುತ್ತಿದೆ ಎನ್ನುವಷ್ಟು ಸರಿಯಾಗಿ ಕೂತಿತು. ಸಭೆ ಬಿದ್ದು ಬಿದ್ದು ನಕ್ಕಿತು, ಫೋನುಗಳು ಮೇಲೆದ್ದವು, ಅಧ್ಯಕ್ಷರು ಮಗುವಿನಂತೆ ತಾಳ ಹಾಕಿದರು. ಆಕೆಯೂ ನಗುತ್ತಲೇ ಇದ್ದರು. ಜೀವನವೆಲ್ಲ ಇರಿದ ಒಂದು ಮಾತನ್ನು ಅಷ್ಟು ಜನರ ಮುಂದೆ ಆಟವಾಗಿ ಆಡುವುದಕ್ಕೆ ಎಂಥ ಗುಂಡಿಗೆ ಬೇಕು ಎಂದು ನಾನು ನೋಡುತ್ತಾ ಕೂತಿದ್ದೆ.

ಕೊನೆಯ ಸಾಲು ಮೇಲಕ್ಕೆ ಏರುತ್ತದೆ. ಅತ್ತೆ ಅರ್ಧ ಏರಿದರು. ಉಸಿರು ಸಾಲಲಿಲ್ಲ. ಹಾಡು ನಿಂತುಹೋಯಿತು. ಅತ್ತೆ ಕಣ್ಣು ತೆರೆದು ಆಕೆಯ ಕಡೆ ತಿರುಗಿದರು.

ಆಕೆಯ ಬಾಯಿ ತೆರೆದೇ ಇತ್ತು. ಅದರಿಂದ ದನಿ ಬಂತು.

ಅಂಚು ಸವೆದ ದನಿ. ನಡುವೆ ಒಂದು ಕಡೆ ಗೊಗ್ಗರಾಯಿತು. ಆದರೆ ಆ ಎತ್ತರದ ಸ್ವರಕ್ಕೆ ಹೋಗುವಾಗ ಆಕೆ ನೇರ ಹೋಗಲಿಲ್ಲ. ಹೊಸ್ತಿಲ ಹೊರಗೆ ಒಂದು ಕ್ಷಣ ನಿಂತು, ತಡ ಮಾಡಿ, ಆಮೇಲೆ ಒಳಗೆ ಕಾಲಿಟ್ಟರು. ಸ್ವಲ್ಪ ಹೊತ್ತಿಗೆ ಮುಂಚೆ ತೆರೆಯ ಮೇಲಿನ ಹುಡುಗಿ ಅದೇ ಜಾಗದಲ್ಲಿ ಹಾಗೆಯೇ ನಿಂತು ಹಾಗೆಯೇ ಒಳಗೆ ಹೋಗಿದ್ದಳು, ನಾವೆಲ್ಲರೂ ಕೇಳಿದ್ದೆವು. ಮೊದಲ ಸಾಲುಗಳಲ್ಲಿ ಕೂತ ಹಿರಿಯರ ಬಾಯಿಂದ ಆಹಾ ಎಂಬ ಸಣ್ಣ ಉದ್ಗಾರ ಒಟ್ಟಿಗೆ ಬಂತು. ಯಾರೂ ನಗುತ್ತಿರಲಿಲ್ಲ. ನನ್ನ ಗಂಡನ ಕೈ ಎಂದಿನಂತೆ ಮೇಲೆದ್ದಿತ್ತು.

ಚಪ್ಪಾಳೆ ಮುಗಿಯುವುದರೊಳಗೆ ಸಭಾಂಗಣ ಬಿಟ್ಟುಕೊಡುವ ಹೊತ್ತಾಗಿ, ಎಂದಿನಂತೆ ವಂದನಾರ್ಪಣೆಯನ್ನು ಯಾರಿಗೂ ಕೇಳದ ಹಾಗೆ ಮುಗಿಸಿ ಎಲ್ಲರೂ ಊಟಕ್ಕೆ ಓಡಿದರು. ಆಕೆ ಮತ್ತು ಅತ್ತೆ ಮೂಲೆಯ ಮೇಜಿನಲ್ಲಿ ಅಕ್ಕಪಕ್ಕ ಕೂತು ಬಿಸಿಬೇಳೆ ಬಾತ್ ತಿನ್ನುತ್ತಿದ್ದರು. ಬೂಂದಿ ಮೇಲೆ ಹಾಕಬೇಕೋ ಕಲಸಬೇಕೋ ಎಂದು ಇಬ್ಬರ ನಡುವೆ ಕೈಸನ್ನೆಯಲ್ಲಿ ವಾದ ನಡೆದಿತ್ತು. ಅಧ್ಯಕ್ಷರು ಬಂದು ಎದುರಿಗೆ ನಿಂತರು. ಮೈಕಿಲ್ಲದೆ ಅವರನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಅಂಚಿಗಿಟ್ಟರು. ಕ್ಷಮೆ ಕೇಳುವುದು ಅವರಿಂದ ಆಗಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ ಕೇಳಿದರು.

"ಮೇಡಂ, ಸಿನಿಮಾದಲ್ಲಿ ಹಾಡಿದ ಹೆಂಗಸು, ಇವತ್ತು ಕೊನೆಯ ಸಾಲು ಹಾಡಿದ್ದೂ ಅವರೇ ಅಲ್ಲವೇ?"

ಆಕೆ ಚಮಚ ಕೆಳಗಿಟ್ಟರು. ಅವರ ಕಣ್ಣಿನ ಕಪ್ಪು ಕೆನ್ನೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಹೌದು" ಎಂದರು. "ಅವಳೇ."